ಮಗು ಮಲಗಿದೆ ಅಂತ ಕೊಂಡ ಹೆಡ್‌ಫೋನು

ಎಲೆಕ್ಟ್ರಿಕ್ ಗಿಟಾರಿಗೆ ಒಂದು ಹೆಡ್‌ಫೋನು ಬೇಕು ಅಂತ ನಾನು ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ನಾಗಮಂಗಲ, ಪಾಂಡವಪುರ ಹೀಗೆ ನಾಲ್ಕು ತಾಲ್ಲೂಕು ಸುತ್ತಿದ್ದು ಒಂದು ಮಗುವಿನ ನಿದ್ದೆ ಕೆಡಬಾರದು ಅನ್ನುವ ಕಾರಣಕ್ಕೆ. ಆ ಮಗು ನನ್ನ ಅಕ್ಕನ ಮಗಳು. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಗೊತ್ತಾದದ್ದು ನನಗೆ. ಗೊತ್ತಾದ ಮೇಲೂ ಇಪ್ಪತ್ತು ದಿನ ಬಾಯಿ ಬಿಡದೆ ಕೂತವನೂ ನಾನೇ. ಹೇಳಬೇಕಾಗಿರುವುದು ಆ ಇಪ್ಪತ್ತು ದಿನದ ವಿಷಯ. ಹೆಡ್‌ಫೋನಿನ ಕತೆ ಬಿಟ್ಟು ಅದನ್ನು ಹೇಳುವುದಕ್ಕೆ ಆಗುವುದಿಲ್ಲವಾದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ತೊಂಬತ್ತರ ದಶಕದ ನಡುಭಾಗ. ನಮ್ಮದು ಕೆ.ಆರ್. ಪೇಟೆಯಲ್ಲಿ ಮರಗೆಲಸದ ಮನೆ. ಅಪ್ಪ ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದರು. ನಾನು ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಅವರ ಪಕ್ಕದಲ್ಲಿ ಉಳಿ ಹಿಡಿದು ಕೂತವನು. ಕೈಗೆ ಕೆಲಸ ಚೆನ್ನಾಗಿಯೇ ಬಂದಿತ್ತು, ತಲೆ ಮಾತ್ರ ಬೇರೆ ಕಡೆ ಇತ್ತು. ಶ್ರೀರಂಗಪಟ್ಟಣದ ಒಂದು ಆರ್ಕೆಸ್ಟ್ರಾದವರಿಗೆ ಒಂದು ಸಲ ಸ್ಟೇಜಿನ ಮೆಟ್ಟಿಲು ಮಾಡಿಕೊಡುವುದಕ್ಕೆ ಹೋಗಿದ್ದೆ. ಅವರ ಸಾಮಾನಿನ ಕೋಣೆಯಲ್ಲಿ ಕತ್ತು ಸೀಳಿದ ಒಂದು ಎಲೆಕ್ಟ್ರಿಕ್ ಗಿಟಾರು ಬಿದ್ದಿತ್ತು. ‘ಇದು ಇನ್ನು ಸೌದೆಗೇ ಸರಿ’ ಅಂದರು. ಮರ ಸೀಳಿದೆ ಅಂತ ಸೌದೆಗೆ ಹಾಕುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅದನ್ನು ಮನೆಗೆ ತಂದು, ಅಂಟು ಹಾಕಿ, ಬಿಗಿ ಹಾಕಿ, ನಾಲ್ಕು ದಿನ ಒಣಗಿಸಿ, ಉಜ್ಜಿ ಪಾಲಿಶ್ ಮಾಡಿದೆ. ವಾಪಸ್ ಕೊಡೋಕೆ ಹೋದರೆ ಆರ್ಕೆಸ್ಟ್ರಾದ ಯಜಮಾನರು, ‘ನೀನೇ ಇಟ್ಕೊಳಪ್ಪ, ಕಲಿ. ಗಣೇಶನ ಹಬ್ಬದ ಹೊತ್ಗೆ ಕೈ ಕುದುರಿದ್ರೆ ನಮ್ ಜೊತೆ ಬಾ’ ಅಂದರು. ಆ ಮಾತು ನನ್ನ ತಲೆಗೆ ಏರಿ ಕೂತಿತು.

ಆ ಗಿಟಾರಿಗೆ ಹೊಟ್ಟೆ ಅನ್ನುವುದು ಇರುವುದಿಲ್ಲ, ಗಟ್ಟಿ ಮರ. ಆಂಪ್ಲಿಫೈಯರ್ ಇಲ್ಲದಿದ್ದರೆ ಸೊಳ್ಳೆ ಗುಂಯ್ ಅಂದಷ್ಟೇ ಸದ್ದು. ಪಾಂಡವಪುರದಲ್ಲಿ ಒಬ್ಬ ವಯಸ್ಸಾದ ರೇಡಿಯೋ ಮೆಕ್ಯಾನಿಕ್ ಸಾಹೇಬರಿದ್ದರು. ಅವರು ಒಳಗಿನ ಸಾಮಾನು ಜೋಡಿಸಿಕೊಟ್ಟರು, ಹಲಸಿನ ಮರದ ಡಬ್ಬ ನಾನು ಮಾಡಿದೆ. ಹೀಗೆ ನನ್ನದೇ ಒಂದು ಆಂಪ್ಲಿಫೈಯರ್ ಆಯಿತು. ಅಮಾವಾಸ್ಯೆಯ ದಿನ ನಮ್ಮಲ್ಲಿ ಉಳಿ ಮುಟ್ಟುವುದಿಲ್ಲ, ಅವತ್ತು ಇಡೀ ದಿನ ಬಾರಿಸುತ್ತಿದ್ದೆ. ಉಳಿದ ದಿನ ಕೆಲಸ ಮುಗಿಸಿ ಕೈಕಾಲು ತೊಳೆದು ಒಂದು ಗಂಟೆ. ಬೀದಿಯವರು ಬಯ್ದುಕೊಂಡು ಸಹಿಸಿಕೊಂಡರು.

ಅಷ್ಟರಲ್ಲಿ ಅಕ್ಕ ಹೆರಿಗೆಗೆ ಬಂದಳು. ಅವಳನ್ನು ನಾಗಮಂಗಲಕ್ಕೆ ಕೊಟ್ಟಿತ್ತು. ಚೊಚ್ಚಲು, ಹೆಣ್ಣುಮಗು. ಮಗು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವ್ವ ತನ್ನ ಕಾನೂನು ಜಾರಿಗೆ ತಂದಳು. ಹಿತ್ತಿಲಿನಲ್ಲಿ ನಡೆಯುತ್ತಿದ್ದ ಮರಗೆಲಸ ಪೂರ್ತಿ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಯಿತು. ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿತ್ತು. ಹಸುವಿನ ಕೊರಳ ಗಂಟೆಗೆ ಹಳೇ ಬಟ್ಟೆ ಸುತ್ತಿದರು. ಕುಕ್ಕರ್ ಅಟ್ಟ ಸೇರಿತು, ಅನ್ನ ಪಾತ್ರೆಯಲ್ಲೇ ಬೇಯಬೇಕು. ಸೊಪ್ಪು ಮಾರುವವಳು ಬೀದಿಯ ತಿರುವಿನಲ್ಲೇ ಬಾಯಿ ಮುಚ್ಚಿಕೊಂಡು ನಮ್ಮ ಮನೆ ದಾಟಿದ ಮೇಲೆ ಮತ್ತೆ ಕೂಗು ಹಾಕಬೇಕು. ಅವಳೂ ಪಾಪ ಹಾಗೇ ಮಾಡುತ್ತಿದ್ದಳು.

ಅಕ್ಕನದು ಇನ್ನೊಂದು ಅವಸ್ಥೆ. ಬಾಣಂತಿಗೆ ಗಾಳಿ ಸೋಕಬಾರದು ಅಂತ ಎರಡು ಕಿವಿಗೂ ಹತ್ತಿ ತುರುಕಿ, ಮೇಲೆ ತಲೆಗೆ ಬಟ್ಟೆ ಬಿಗಿದಿದ್ದರು. ಅವಳಿಗೆ ಕೇಳಿಸಬೇಕಾದರೆ ನಾವು ಕೂಗಬೇಕು, ಕೂಗಿದರೆ ಮಗು ಏಳುತ್ತೆ ಅಂತ ಅವ್ವ ಕಣ್ಣು ಬಿಡುತ್ತಾಳೆ. ಹಾಗಾಗಿ ನಾವೆಲ್ಲ ಅವಳ ಹತ್ತಿರ ಕೈಸನ್ನೆಯಲ್ಲೇ ವ್ಯವಹಾರ ಮಾಡುತ್ತಿದ್ದೆವು. ಊಟ ಆಯ್ತಾ ಅಂತ ಕೈ ಬಾಯಿಗೆ ಹಿಡಿದು ಕೇಳುವುದು, ಅವಳು ತಲೆ ಆಡಿಸುವುದು. ಆ ಮೂರು ನಾಲ್ಕು ತಿಂಗಳು ನಮ್ಮ ಮನೆಯಷ್ಟು ನಿಶ್ಶಬ್ದವಾದ ಮನೆ ಕೆ.ಆರ್. ಪೇಟೆಯಲ್ಲಿ ಇನ್ನೊಂದು ಇರಲಿಲ್ಲ.

ಇಂಥ ಮನೆಯಲ್ಲಿ ಗಿಟಾರಿಗೆ ಎಲ್ಲಿ ಜಾಗ? ಮೊದಲ ದಿನ ಆಂಪ್ಲಿಫೈಯರ್ ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, ಅವ್ವ ಪೊರಕೆ ಹಿಡಿದುಕೊಂಡೇ ಬಂದಳು.

‘ಏನ್ಲಾ, ಮಗು ಮಲಗ್ಯದೆ ಅನ್ನೋದು ಕಾಣಾಕಿಲ್ವಾ? ಮುಟ್ಟಿದ್ರೆ ನಿನ್ ಪೆಟ್ಗೆನ ಒಲೆಗೆ ಆಕ್ಬುಡ್ತೀನಿ.’

ಆಂಪ್ಲಿಫೈಯರ್ ಇಲ್ಲದೆ ಒಂದು ವಾರ ಬಾರಿಸಿ ನೋಡಿದೆ. ಅದು ಕೆಟ್ಟ ಅಭ್ಯಾಸ. ಕೇಳಿಸುವುದಿಲ್ಲ ಅಂತ ಕೈ ತಾನಾಗಿ ಜೋರು ಮಾಡುತ್ತೆ. ಶ್ರೀರಂಗಪಟ್ಟಣಕ್ಕೆ ಹೋಗಿ ಬಾರಿಸಿ ತೋರಿಸಿದಾಗ ಯಜಮಾನರು ಮುಖ ಕಿವುಚಿ, ‘ಕೊಡ್ತಿಲಿ ಉಳಿಗೆ ಒಡೆದಂಗೆ ಒಡೀತಿದ್ದೀಯಲ್ಲೋ! ಎಡ್‌ಫೋನ್ ಆಕ್ಕೊಂಡು ಬಾರ್ಸು’ ಅಂದರು. ಹಾಗೆ ಶುರುವಾಯಿತು ನನ್ನ ತಿರುಗಾಟ.

ಹೆಡ್‌ಫೋನ್ ಅಂದರೆ ಎಲ್ಲ ಒಂದೇ ಅಂತ ತಿಳಿದಿದ್ದೆ. ನಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಸಣ್ಣ ಗುಂಡಿಯಂಥದ್ದು ಕೊಟ್ಟರು. ಆಂಪ್ಲಿಫೈಯರಿನ ಸ್ಪೀಕರ್ ವೈರು ಬಿಚ್ಚಿ ಅಲ್ಲಿಗೆ ಅದನ್ನು ಕಟ್ಟಿಕೊಂಡೆ. ಗಿಟಾರು ನೋಡೋಕೆ ತಲೆ ಬಗ್ಗಿಸಿದರೆ ಬಿದ್ದುಹೋಗುತ್ತಿತ್ತು. ಬಗ್ಗಿಸದೆ ಬಾರಿಸುವಷ್ಟು ವಿದ್ಯೆ ನನಗೆ ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಟೂರಿಸ್ಟುಗಳಿಗೆ ಗಡಿಯಾರ, ಕ್ಯಾಲ್ಕುಲೇಟರ್ ಮಾರುವ ಅಂಗಡಿಯಲ್ಲಿ ವಾಕ್‌ಮನ್ನಿನ ಹೆಡ್‌ಫೋನ್ ಸಿಕ್ಕಿತು. ತಂತಿಯಂಥ ಪಟ್ಟಿ, ಕಿವಿಯ ಮೇಲೆ ಬಿಲ್ಲೆಯಷ್ಟು ಸ್ಪಂಜು. ಬೆಲೆ ಕೈಗೆಟುಕುತ್ತಿತ್ತು ಅಂತ ಹಿಂದೆಮುಂದೆ ನೋಡದೆ ತಂದೆ. ದಪ್ಪ ತಂತಿ ಮೀಟಿದರೆ ಒಡೆದ ತಗಡಿನ ಹಾಗೆ ಗರಗರ ಅನ್ನುತ್ತಿತ್ತು. ಅದೂ ಒಂದೇ ಕಿವಿಯಲ್ಲಿ, ಇನ್ನೊಂದು ಕಿವಿ ಸೊನ್ನೆ. ಸಾಲದ್ದಕ್ಕೆ ಸ್ಪಂಜಿನ ಸಂದಿಯಿಂದ ಸದ್ದು ಹೊರಗೆ ಸೋರುತ್ತಿತ್ತು. ‘ಅಟ್ಟದ ಮೇಲೆ ಇಲಿ ಸೇರ್ಕೊಂಡದೆ’ ಅಂತ ಅವ್ವ ಎರಡು ದಿನ ಹುಡುಕಿದಳು. ಇಲಿ ನಾನೇ ಅಂತ ಗೊತ್ತಾದ ಮೇಲೆ ಅದೂ ನಿಂತಿತು.

ಮೂರನೇ ತಿಂಗಳಲ್ಲಿ ಹೆಸರಿಡುವ ಶಾಸ್ತ್ರ. ಹೇಳಿಬರೋಕೆ ನಾನು ನಾಗಮಂಗಲಕ್ಕೆ ಹೋದೆ. ಭಾವನ ಸ್ನೇಹಿತರೊಬ್ಬರು ಮದುವೆ ವಿಡಿಯೋ ತೆಗೆಯುತ್ತಿದ್ದರು. ಅವರ ಹತ್ತಿರ ಕಿವಿ ಪೂರ್ತಿ ಮುಚ್ಚುವ, ಮೆತ್ತನೆ ದಿಂಬಿನಂಥ ಹೆಡ್‌ಫೋನ್ ಇತ್ತು. ನಾನು ಗಿಟಾರಿನ ಕತೆ ಹೇಳಿದ್ದಕ್ಕೆ ನಕ್ಕು, ಒಂದು ಕ್ಯಾಸೆಟ್ ಹಾಕಿ ನನ್ನ ತಲೆಗೆ ಅದನ್ನು ಇಟ್ಟರು. ಹೊರಗಿನ ಸದ್ದು ಬಾಗಿಲು ಹಾಕಿದ ಹಾಗೆ ನಿಂತುಹೋಯಿತು. ಬೆರಳು ತಂತಿಯ ಮೇಲೆ ಜಾರುವ ಸದ್ದೂ ಕೇಳಿಸಿತು. ನನಗೆ ಬೇಕಾದದ್ದು ಎಂಥದ್ದು ಅಂತ ಆಗ ಗೊತ್ತಾಯಿತು. ಕಿವಿ ಮುಚ್ಚಬೇಕು, ಒಳಗಿನ ಸ್ಪೀಕರು ಅಗಲ ಇರಬೇಕು, ವೈರು ಉದ್ದ ಇರಬೇಕು, ತಲೆಗೆ ಭಾರ ಆಗಬಾರದು. ಅದರ ಬೆಲೆ ಕೇಳಿದ ಮೇಲೆ ಸುಮ್ಮನೆ ತೆಗೆದು ಅವರ ಕೈಗೇ ಕೊಟ್ಟೆ.

ಶಾಸ್ತ್ರಕ್ಕೆ ನಾಗಮಂಗಲದವರೆಲ್ಲ ಬಂದರು. ಭಾವನ ತಂಗಿ, ಮಗುವಿನ ಅತ್ತೆ, ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. ಮಗು ಅವಳ ಮೂಗುಬೊಟ್ಟನ್ನು ನೋಡಿ ನಕ್ಕಿತು. ‘ಎಸ್ರು ಒಪ್ಪದೆ ಕಣವ್ವ’ ಅಂತ ಎಲ್ಲರೂ ಸಂತೋಷಪಟ್ಟರು. ನಾನೂ ಪಟ್ಟೆ.

ಆಮೇಲೆ ಪಾಂಡವಪುರದ ಸಾಹೇಬರ ಹತ್ತಿರವೇ ಹೋದೆ. ಮೊದಲೇ ಹೋಗಬೇಕಿತ್ತು. ಅವರು ಅಂಗಡಿಯ ಹಿಂದಿನ ಮರದ ಪೆಟ್ಟಿಗೆಯಿಂದ ಒಂದು ಭಾರಿ ಹೆಡ್‌ಫೋನು ತೆಗೆದರು. ಯಾವುದೋ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸೋಕೆ ಇಟ್ಟಿದ್ದಂತೆ, ಹರಾಜಿನಲ್ಲಿ ತಂದದ್ದಂತೆ. ಪಟ್ಟಿ ಮುರಿದಿತ್ತು, ಒಂದು ಕಡೆಯ ಮೆತ್ತೆ ಹರಿದಿತ್ತು.

‘ನೋಡೋಕೆ ಚೆಂದ ಇಲ್ಲ ಬೇಟಾ. ಆದರೆ ಇದರ ಒಳಗೆ ಅಗಲದ ಸ್ಪೀಕರ್ ಅದೆ. ದಪ್ಪ ತಂತಿ ತಡಕೊಳ್ತದೆ. ಪಟ್ಟಿ ಮಾಡೋದು ನಿನ್ನ ಕಸುಬು, ನಂದಲ್ಲ.’

ಅವರೇ ಎರಡು ಕಿವಿಯ ವೈರನ್ನೂ ಸೇರಿಸಿ ಬೆಸುಗೆ ಹಾಕಿದರು, ಇನ್ನು ಗಿಟಾರು ಎರಡೂ ಕಡೆ ಕೇಳುತ್ತೆ ಅಂದರು. ನನ್ನ ಆಂಪ್ಲಿಫೈಯರಿಗೂ ಒಂದು ತೂತು ಕೊರೆದು ಸಾಕೆಟ್ ಕೂರಿಸಿದರು. ಪಿನ್ನು ಚುಚ್ಚಿದರೆ ಸ್ಪೀಕರು ತಾನಾಗೇ ಬಂದ್, ಪಿನ್ನು ಕಿತ್ತರೆ ಮತ್ತೆ ಸ್ಪೀಕರಿಗೆ. ನಾನು ಬಿದಿರು ಸೀಳಿ ಬಗ್ಗಿಸಿ ಪಟ್ಟಿ ಮಾಡಿದೆ. ಅವ್ವ ಹಳೇ ಸೀರೆ ಹರಿದು, ಬೂರುಗದ ಹತ್ತಿ ತುಂಬಿ ಮೆತ್ತೆ ಹೊಲಿದುಕೊಟ್ಟಳು. ಪೊರಕೆ ಹಿಡಿದು ಬಂದವಳೇ ಸೂಜಿ ಹಿಡಿದು ಕೂತಳು, ಮಗು ಮಲಗಿರುತ್ತೆ ಅನ್ನುವ ಒಂದೇ ಸಮಾಧಾನಕ್ಕೆ.

ಅದರಲ್ಲಿ ಒಂದೇ ತೊಂದರೆ. ಸದ್ದು ಕಮ್ಮಿ. ಆಂಪ್ಲಿಫೈಯರಿನ ತಿರುಪನ್ನು ಪೂರ್ತಿ ತಿರುಗಿಸಿದರೇ ಸರಿಯಾಗಿ ಕೇಳುತ್ತಿದ್ದದ್ದು. ತಿರುಗಿಸುತ್ತಿದ್ದೆ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಬಾರಿಸಿದರೆ, ಎರಡು ಮಾರು ದೂರದ ತೊಟ್ಟಿಲಿನಲ್ಲಿ ಮಗು ಮಲಗಿರುತ್ತಿತ್ತು. ಎದ್ದಿದ್ದರೆ ನನ್ನ ಬೆರಳನ್ನೇ ನೋಡುತ್ತಿತ್ತು. ನನ್ನ ಕೈ ಮೇಲೆ ಹೋದರೆ ಅದರ ಕಣ್ಣೂ ಮೇಲೆ, ಕೆಳಗೆ ಬಂದರೆ ಕಣ್ಣೂ ಕೆಳಗೆ. ಅಷ್ಟು ಮನಸ್ಸಿಟ್ಟು ನನ್ನ ಗಿಟಾರನ್ನು ನೋಡಿದವರು ಆಮೇಲೆ ಯಾವ ಸ್ಟೇಜಿನ ಮುಂದೆಯೂ ಸಿಗಲಿಲ್ಲ. ಅವಳನ್ನು ಕಂಡರೆ ನನಗೆ ಜೀವ.

ಒಂದು ಅಮಾವಾಸ್ಯೆಯ ಮಧ್ಯಾಹ್ನ, ಊಟ ಆಗಿತ್ತು. ಅಪ್ಪ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು, ಅವ್ವ ಒಳಗೆ ಪಾತ್ರೆ ಒರೆಸುತ್ತಿದ್ದಳು, ಅಕ್ಕ ಕೋಣೆಯಲ್ಲಿ ಅಡ್ಡಾಗಿದ್ದಳು. ನಾನು ಕಣ್ಣು ಮುಚ್ಚಿ ಬಾರಿಸುತ್ತಿದ್ದೆ. ಕಣ್ಣು ಬಿಟ್ಟರೆ ಒಂದು ಕೋಳಿ ಪಡಸಾಲೆಗೆ ಬಂದು ತೊಟ್ಟಿಲ ಕೆಳಗೆ ಕೆದಕುತ್ತಿದೆ. ಓಡಿಸೋಣ ಅಂತ ಗಿಟಾರು ಹಿಡಿದುಕೊಂಡೇ ಎದ್ದು ಎರಡು ಹೆಜ್ಜೆ ಹಾಕಿದೆ. ತಲೆಯ ಮೇಲೆ ಹೆಡ್‌ಫೋನ್ ಇರುವುದು ಮರೆತೇಹೋಗಿತ್ತು. ವೈರು ಎಳೆದು ಪಿನ್ನು ಕಿತ್ತು ಬಂತು. ಅದೇ ಹೊತ್ತಿಗೆ ನನ್ನ ಕೈ ಆರು ತಂತಿಗೂ ಒಟ್ಟಿಗೆ ಬಡಿಯಿತು.

ಪೂರ್ತಿ ತಿರುಪಿದ್ದ ಆಂಪ್ಲಿಫೈಯರು. ಮನೆಯೊಳಗೆ ಲಾರಿ ನುಗ್ಗಿದ ಹಾಗೆ ಆಯಿತು. ಕೋಳಿ ಕಿರುಚಿಕೊಂಡು ಹೊರಗೆ ಹಾರಿತು. ಒಳಗೆ ಅವ್ವನ ಕೈಯಿಂದ ಪಾತ್ರೆ ಬಿತ್ತು. ಅಪ್ಪ ಎಲೆಅಡಿಕೆ ತಟ್ಟೆ ಬಿಟ್ಟು ಎದ್ದು ನಿಂತರು. ಕಿವಿಗೆ ಹತ್ತಿ ಹಾಕಿದ್ದ ಅಕ್ಕ ಕೂಡ ಕೋಣೆಯಿಂದ ಓಡಿ ಬಂದಳು. ಎದುರು ಮನೆಯವರು ಬಾಗಿಲಿಗೆ ಬಂದರು.

ಮಗು ಎದ್ದೇ ಇತ್ತು. ತನ್ನ ಮುಷ್ಟಿಯನ್ನು ಮುಖದ ಮುಂದೆ ಹಿಡಿದು ತಿರುಗಿಸಿ ನೋಡಿಕೊಳ್ಳುತ್ತಿತ್ತು. ಒಂದು ರೆಪ್ಪೆ ಅಲುಗಲಿಲ್ಲ.

‘ನೋಡೇ ನಿನ್ ಮಗಳ ಧೈರ್ಯವಾ! ನಾವೆಲ್ಲ ಎದ್ರುಕೊಂಡು ಸಾಯ್ತಿದ್ರೆ ಇವ್ಳು ಬೆಚ್ಚಲೂ ಇಲ್ಲ’ ಅಂತ ಅವ್ವ ಮಗುವನ್ನು ಎತ್ತಿ ದೃಷ್ಟಿ ನೀವಾಳಿಸಿದಳು. ಅಕ್ಕ ನಗಾಡಿದಳು. ಅಪ್ಪ ನನಗೆ ನಾಲ್ಕು ಬಯ್ದು ಜಗಲಿಗೆ ಹೋದರು. ನಾನು ಪಿನ್ನು ಹಿಡಿದುಕೊಂಡು ನಿಂತೇ ಇದ್ದೆ. ನನಗೆ ನಗು ಬರಲಿಲ್ಲ.

ಮಾರನೇ ದಿನ ಮಗುವಿನ ತಲೆಯ ಹಿಂದೆ ನಿಂತು ಚಪ್ಪಾಳೆ ಹೊಡೆದೆ. ತಿರುಗಲಿಲ್ಲ. ಅದರ ಮಾರನೇ ದಿನ ಸ್ಟೀಲ್ ಚೊಂಬನ್ನು ಬೇಕಂತಲೇ ನೆಲಕ್ಕೆ ಬಿಟ್ಟೆ. ಅವ್ವ ಬಂದು ಬಯ್ದಳು, ಮಗು ಸೂರು ನೋಡುತ್ತ ಮಲಗಿತ್ತು. ನಾನು ಎದುರಿಗೆ ಹೋದರೆ ಮಾತ್ರ ಇಷ್ಟಗಲ ನಗು. ಸಂಶಯಕ್ಕೆ ಜಾಗ ಉಳಿಯಲಿಲ್ಲ. ಆದರೆ ನನ್ನ ತಲೆ ಓಡಿದ್ದು ಬೇರೆ ದಾರಿಯಲ್ಲಿ. ಅಷ್ಟು ಎಳೇ ಕಿವಿ, ಅಷ್ಟು ಹತ್ತಿರದಲ್ಲಿ ಅಂಥ ಸದ್ದು. ಕಿವಿ ಒಡೆದುಹೋಗಿದೆ, ಒಡೆದವನು ನಾನು. ಹಾಗಂತ ನಂಬಿಬಿಟ್ಟೆ.

ಅದನ್ನು ಹೇಳುವುದು ಹೇಗೆ? ಸೋದರಮಾವ ಕರೆಂಟಿನ ಗಿಟಾರು ಬಾರಿಸಿ ಮಗುವಿನ ಕಿವಿ ಕಳೆದ ಅಂತ ನಾಗಮಂಗಲದಲ್ಲಿ ಆಡಿಕೊಳ್ಳುವುದು ಈಗಲೇ ಕೇಳಿಸುತ್ತಿತ್ತು. ಅಕ್ಕ ನನ್ನ ಮುಖ ನೋಡುವುದಿಲ್ಲ ಅನಿಸಿತು. ಸ್ವಲ್ಪ ದಿನ ಬಿಟ್ಟರೆ ಸರಿಹೋಗಬಹುದು, ಗಾಯ ಒಣಗುವುದಿಲ್ಲವೇ, ಹಾಗೆ ಅಂತಲೂ ಅಂದುಕೊಂಡೆ. ಇಂಥ ಸುಳ್ಳನ್ನು ನಾನೇ ಹೇಳಿಕೊಂಡು ನಾನೇ ನಂಬಿಕೊಂಡು ದಿನ ದೂಡಿದೆ. ಗಿಟಾರು ಮುಟ್ಟಲಿಲ್ಲ. ಯಾಕೆ ಅಂತ ಅಕ್ಕ ಸನ್ನೆಯಲ್ಲಿ ಕೇಳಿದರೆ ವೈರು ಕಿತ್ತಿದೆ ಅಂತ ಸನ್ನೆಯಲ್ಲಿ ಹೇಳಿದೆ. ವೈರು ಕಿತ್ತಿದ್ದು ನಿಜವೇ, ಅವತ್ತಿನ ಎಳೆತಕ್ಕೆ ಪಿನ್ನಿನ ಬೆಸುಗೆಯೂ ಬಿಟ್ಟಿತ್ತು. ಅಕ್ಕ ಪಾಂಡವಪುರದ ಕಡೆ ಕೈ ತೋರಿಸಿ, ಹೋಗಿ ಮಾಡಿಸಿಕೊಂಡು ಬಾ, ಅಂದಳು. ಮಗುವನ್ನು ತೋರಿಸಿ, ಅದರ ಬೆರಳನ್ನು ಗಿಟಾರು ಬಾರಿಸುವ ಹಾಗೆ ಆಡಿಸಿ ನಕ್ಕಳು. ಮಗು ನನ್ನ ಬೆರಳಾಟ ಇಲ್ಲದೆ ಬೇಜಾರು ಮಾಡಿಕೊಂಡಿದೆ ಅಂತ ಅವಳು ಹೇಳುತ್ತಿದ್ದದ್ದು.

ಐದನೇ ತಿಂಗಳಿಗೆ ಅಕ್ಕ ಗಂಡನ ಮನೆಗೆ ಹೋಗಬೇಕು. ದಿನ ಗೊತ್ತಾಯಿತು. ಇನ್ನು ಮೂರು ದಿನ ಅನ್ನುವಾಗ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಹೆಡ್‌ಫೋನ್ ಚೀಲಕ್ಕೆ ಹಾಕಿಕೊಂಡು ಪಾಂಡವಪುರದ ಬಸ್ಸು ಹತ್ತಿದೆ.

ಸಾಹೇಬರು ಕಿತ್ತ ವೈರು ನೋಡಿ, ‘ಏನಯ್ಯ, ಎತ್ತು ಕಟ್ಟಿ ಎಳೆದೆಯಾ?’ ಅಂದರು. ಅಷ್ಟು ಕೇಳಿದ್ದಕ್ಕೇ ನನಗೆ ಅಳು ಬಂತು. ಇಪ್ಪತ್ತೆರಡು ವರ್ಷದ ಗಂಡಸು, ಅಂಗಡಿಯ ಸ್ಟೂಲಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತೆ. ಕೋಳಿ ಬಂದದ್ದರಿಂದ ಹಿಡಿದು ಚೊಂಬು ಬೀಳಿಸಿದ್ದರ ತನಕ ಎಲ್ಲ ಹೇಳಿದೆ. ಅವರು ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

‘ಸದ್ದು ಬಂದಾಗ ಮಗು ಅತ್ತಿತೇ?’

‘ಇಲ್ಲ ಸಾಹೇಬ್ರೇ.’

‘ಬೆಚ್ಚಿತೇ?’

‘ಇಲ್ಲ.’

‘ಮತ್ತೆ? ಕಿವಿ ಒಡೆಯೋ ಸದ್ದು ಕಿವಿಗೆ ಬಿದ್ದರೆ ಮಗು ಮೊದಲು ಹೆದರ್ತದೆ, ಕಿರುಚ್ತದೆ. ಆಮೇಲೆ ತಾನೇ ಕಿವಿ ಹೋಗೋದು? ನಿನ್ನ ಸದ್ದು ಅದಕ್ಕೆ ಮುಟ್ಟೇ ಇಲ್ಲ ಬೇಟಾ. ಮುಂಚೆಯಿಂದಲೇ ಕೇಳ್ತಿರಲಿಲ್ಲ.’

ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದದ್ದು ನನ್ನ ಮುಖದಲ್ಲಿ ಕಂಡಿರಬೇಕು. ಸಾಹೇಬರಿಗೆ ಸಿಟ್ಟು ಬಂತು.

‘ನಿನಗೆ ಸಮಾಧಾನ ಆಯ್ತು. ಮಗೂಗೆ ಏನಾಯ್ತು? ಎಷ್ಟು ದಿನ ಆಯ್ತು ಇದಾಗಿ?’

‘ಇಪ್ಪತ್ತು ದಿನ.’

ಅವರು ಹೆಡ್‌ಫೋನನ್ನು ರಿಪೇರಿ ಮಾಡದೆ ನನ್ನ ಚೀಲಕ್ಕೇ ವಾಪಸ್ ಹಾಕಿದರು. ‘ಇದು ಆಮೇಲೆ. ಈಗ ಬರೋ ಬಸ್ಸಿಗೆ ಹೋಗು. ಮೊದಲು ತಾಯಿಗೆ ಹೇಳು, ಆಮೇಲೆ ಡಾಕ್ಟರಿಗೆ ತೋರಿಸಿ. ಹೋಗು’ ಅಂದರು. ಅವರು ಎದ್ದು ನಿಂತು ನನ್ನನ್ನು ಅಂಗಡಿಯಿಂದ ಹೊರಗೆ ಕಳಿಸಿದ್ದು ಅದೊಂದೇ ಸಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಕ್ಕ ಕೋಣೆಯಲ್ಲಿ ಮಗುವಿನ ಬಟ್ಟೆ ಮಡಿಸಿ ಟ್ರಂಕಿಗೆ ಇಡುತ್ತಿದ್ದಳು. ಮಗು ಚಾಪೆಯ ಮೇಲೆ ಬೋರಲು ಬಿದ್ದು ಆಡುತ್ತಿತ್ತು. ನಾನು ಬಾಗಿಲು ಮುಂದೆ ಮಾಡಿ, ಅಕ್ಕನ ಹತ್ತಿರ ಕೂತು, ಅವಳಿಗೆ ಕೇಳಿಸುವಷ್ಟು ಜೋರಾಗಿ ಹೇಳಿದ ಮೊದಲ ಮಾತು ಇದು: ‘ಅಕ್ಕ, ನಂದೇನೂ ತಪ್ಪಿಲ್ವಂತೆ.’ ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ನಾಚಿಕೆ ಆಗುತ್ತದೆ. ಮಗುವಿನ ಮಾತಿಗಿಂತ ಮೊದಲು ನನ್ನ ಮಾತು ಬಂತು.

‘ಏನ್ಲಾ ತಪ್ಪು? ಏನ್ ಮಾಡ್ಕೊಂಡ್ ಬಂದೆ?’

ಹೇಳಿದೆ. ಮಧ್ಯೆ ಮಧ್ಯೆ ಅವಳು ‘ಆಂ? ಆಂ?’ ಅನ್ನುತ್ತಿದ್ದಳು. ಕೇಳಿಸದೆ ಹಾಗೆ ಅನ್ನುತ್ತಿದ್ದಾಳೋ, ಕೇಳಿಸಿದ್ದನ್ನು ನಂಬದೆ ಅನ್ನುತ್ತಿದ್ದಾಳೋ ತಿಳಿಯಲಿಲ್ಲ. ಕೊನೆಗೆ ಅವಳು ತಲೆಯ ಬಟ್ಟೆ ಬಿಚ್ಚಿ, ಎರಡೂ ಕಿವಿಯ ಹತ್ತಿ ಕಿತ್ತು ನೆಲದ ಮೇಲಿಟ್ಟಳು. ‘ಈಗ ಮೊದಲಿಂದ ಏಳು’ ಅಂದಳು. ಮೊದಲಿನಿಂದ ಹೇಳಿದೆ. ಈ ಸಲ ಸರಿಯಾದ ಕಡೆಯಿಂದ ಶುರು ಮಾಡಿದೆ.

ಅವಳು ಮಗುವಿನ ಕಾಲ ಕಡೆ ಹೋಗಿ ನಿಂತು ಹೆಸರು ಹಿಡಿದು ಕರೆದಳು. ಮೆಲ್ಲಗೆ ಕರೆದಳು, ಗಟ್ಟಿಯಾಗಿ ಕರೆದಳು, ಆಮೇಲೆ ಬೀದಿಗೆ ಕೇಳುವ ಹಾಗೆ ಕರೆದಳು. ಮಗು ಚಾಪೆಯ ಅಂಚನ್ನು ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಕೂಗು ಕೇಳಿ ಅವ್ವ ಓಡಿ ಬಂದಳು.

‘ತಲೆ ಬಟ್ಟೆ ಯಾಕೆ ಬಿಚ್ಚಿದ್ಯೇ? ಗಾಳಿ ಓಗ್ಬುಡ್ತದೆ ಕಣೆ, ಕಟ್ಕೊ!’

‘ಸುಮ್ನಿರವ್ವ. ಮಗೀಗೆ ಕಿವಿ ಕೇಳಾಕಿಲ್ಲ.’

ಅವ್ವ ನನ್ನನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ದೇವರ ಮುಂದಿನ ಗಂಟೆಯನ್ನೇ ತಂದಳು. ನಾಲ್ಕು ತಿಂಗಳಿಂದ ಮಗು ಏಳುತ್ತೆ ಅಂತ ಪೂಜೆಯಲ್ಲೂ ಅಲ್ಲಾಡಿಸದೆ ಇಟ್ಟಿದ್ದ ಗಂಟೆ. ಮಗುವಿನ ಬೆನ್ನ ಹಿಂದೆ ಕೂತು ಬಾರಿಸಿದಳು. ಬಾರಿಸುತ್ತಲೇ ಇದ್ದಳು. ಅಪ್ಪ ಬಂದು ಕೈ ಹಿಡಿದು ನಿಲ್ಲಿಸಬೇಕಾಯಿತು. ‘ಬುಡೇ, ಸಾಕು’ ಅಂದರು ಅಪ್ಪ, ‘ನಾಳೆ ಮೊದಲ್ನೇ ಬಸ್ಸಿಗೆ ಮೈಸೂರಿಗೆ ಓಗ್ಲಿ.’ ಆಗ ಅಕ್ಕ ಮಗುವಿನ ಎದುರಿಗೆ ಬಂದು ಮಂಡಿಯೂರಿದಳು. ಮಗು ಅವಳ ಮುಖ ಕಂಡು ಕೇಕೆ ಹಾಕಿ ನಕ್ಕಿತು. ಅಕ್ಕನೂ ನಗಬೇಕಾಯಿತು, ಅಳುತ್ತಲೇ ನಕ್ಕಳು.

ಮೈಸೂರಿನಲ್ಲಿ ಅಕ್ಕ, ನಾನು, ನಾಗಮಂಗಲದಿಂದ ನೇರವಾಗಿ ಬಂದ ಭಾವ, ಮೂವರೂ ಡಾಕ್ಟರ ಮುಂದೆ ಕೂತೆವು. ಅವರು ಏನೇನೋ ಸದ್ದು ಮಾಡಿ ನೋಡಿದರು. ಹುಟ್ಟಿನಿಂದಲೇ ಹೀಗೆ ಅಂದರು. ಗಿಟಾರಿನ ವಿಷಯ ನಾನೇ ಎತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು. ಇಷ್ಟು ಬೇಗ ಕರೆದುಕೊಂಡು ಬಂದಿರಲ್ಲ, ಎಷ್ಟೋ ಜನ ಮಾತು ಬರಲಿಲ್ಲ ಅಂತ ಮೂರು ವರ್ಷಕ್ಕೆ ಬರುತ್ತಾರೆ ಅಂತಲೂ ಹೇಳಿದರು. ಯಾವಾಗ ಗೊತ್ತಾಯಿತು ಅಂತ ಕೇಳಿದರು.

‘ನೆನ್ನೆ’ ಅಂದಳು ಅಕ್ಕ. ನನ್ನ ಕಡೆ ತಿರುಗಲಿಲ್ಲ.

ಭಾವ ಅಲ್ಲಿಂದಲೇ ನಾಗಮಂಗಲಕ್ಕೆ ಹೋದರು, ತಮ್ಮ ಮನೆಯಲ್ಲಿ ತಾವೇ ಹೇಳುತ್ತೇನೆ ಅಂದರು. ನಾವು ಕೆ.ಆರ್. ಪೇಟೆಯ ಬಸ್ಸಿನಲ್ಲಿ ಕೂತೆವು. ಅಕ್ಕ ಮಗುವನ್ನು ಎದುರಿಗೆ ತಿರುಗಿಸಿ ಮಂಡಿಯ ಮೇಲೆ ಕೂರಿಸಿಕೊಂಡು, ಬಾಯಿ ದೊಡ್ಡದು ಮಾಡಿ, ಹುಬ್ಬು ಎತ್ತಿ ಇಳಿಸಿ ಅದರ ಜೊತೆ ಮಾತಾಡುತ್ತಿದ್ದಳು. ಪಕ್ಕದ ಸೀಟಿನವರು ನೋಡುತ್ತಿದ್ದರು. ಅವಳಿಗೆ ಅದರ ಪರಿವೆ ಇರಲಿಲ್ಲ. ಶ್ರೀರಂಗಪಟ್ಟಣದ ಸೇತುವೆ ದಾಟಿದ ಮೇಲೆ ಮಗುವಿಗೆ ನಿದ್ದೆ ಹತ್ತಿತು. ಬಸ್ಸಿನ ಗದ್ದಲದಲ್ಲಿ ಅದನ್ನು ಎದೆಗೆ ಒರಗಿಸಿಕೊಂಡು ಅವಳು ನನ್ನ ಕಡೆ ತಿರುಗಿದಳು.

‘ಅಕ್ಕ, ಬೈದ್ಬುಡು ನನ್ನ’ ಅಂದೆ.

‘ಬೈದು ಏನ್ ಬತ್ತದೆ? ನೀನು ಎದ್ರುಕೊಂಡಿದ್ದೆ. ಅದು ನಂಗೆ ಗೊತ್ತಾಯ್ತದೆ.’ ಆಮೇಲೆ ಮಗುವಿನ ತಲೆ ಸವರುತ್ತ ಹೇಳಿದಳು, ‘ದಿನಾ ಮಲಗ್ಸೋವಾಗ ದೀಪ ಆರಿಸಿದ್ ಏಟ್ಗೆ ಅಳ್ತಿದ್ಲು. ನಾನು ಇಲ್ಲೇ ಇವ್ನಿ ಅಂತ ಅವಳ್ಗೆ ಗೊತ್ತಾಗ್ಲಿ ಅಂತ ಕತ್ಲಲ್ಲಿ ಲಾಲಿ ಏಳ್ತಿದ್ದೆ. ಆ ಇಪ್ಪತ್ ದಿನಾನೂ ಏಳಿದ್ದೀನಿ ಕಣ್ಲಾ. ನೀನು ಒಂದ್ ಮಾತು ಏಳಿದ್ರೆ ದೀಪ ಆರಿಸ್ತಿರ್ಲಿಲ್ಲ.’